ಹಿಮ್ಮಡಿಯ ನೋವು ಮತ್ತು ಪಾದರಕ್ಷೆಯ ಹೀಲ್



ನಮ್ಮ ನಾಡಿನಲ್ಲಿ ವೈದ್ಯರ ಮನೆಗೂ ಗುಡಿಗೆ ಸಲ್ಲುವ ಮರ್ಯಾದೆಯೇ ಸಲ್ಲುತ್ತದೆ. ಒಳಗೆ ಬರುವವರು ಪಾದರಕ್ಷೆಯನ್ನು ಹೊಸ್ತಿಲ ಹೊರಗೆ ಬಿಟ್ಟು ಬರುತ್ತಾರೆ. ಸಂಪ್ರದಾಯ ಒಳ್ಳೆಯದೇ. ಆದರೆ ಇದರಿಂದ ವೈದ್ಯನಿಗೆ ಒಂದು ನಷ್ಟವಿದೆ. ರೋಗಿಯ ಪಾದ ಅವನ ಕಣ್ಣಿಗೆ ಬೀಳುತ್ತದೆ. ಆ ಪಾದವನ್ನು ದಿನವಿಡೀ ಹೊತ್ತು ನಡೆದ ಪಾದರಕ್ಷೆ ಬೀಳುವುದಿಲ್ಲ. ಈ ನಷ್ಟದ ಅರಿವು ನಮಗಾಗಲು ಬಹಳ ವರ್ಷಗಳು ಬೇಕಾದವು. ಆ ಅರಿವಿಗೆ ಬೆಲೆ ತೆತ್ತವರು ನಾವಲ್ಲ, ನಮ್ಮ ರೋಗಿಯೊಬ್ಬರು. ಆದ್ದರಿಂದ ಈ ತಿಂಗಳು ಪಾದರಕ್ಷೆಯ ಹಿಂಭಾಗ, ಅಂದರೆ ಇಂದು ಎಲ್ಲರೂ ಹೀಲ್ ಎಂದು ಕರೆಯುವ ಭಾಗದ ಕುರಿತು ನಾಲ್ಕು ಮಾತುಗಳನ್ನು ಭಕ್ತರ ಮುಂದಿಡಲು ಬಯಸಿದ್ದೇವೆ.

ನಮ್ಮ ತಪ್ಪಿನಿಂದ ಕಲಿತ ಪಾಠ

ಬಳ್ಳಾರಿ ನಗರದಲ್ಲಿ ನೆಲೆಸಿ, ವಾರದಲ್ಲೊಂದು ದಿನ ಸಿರುಗುಪ್ಪಕ್ಕೂ ಮತ್ತೊಂದು ದಿನ ಕುರುಗೋಡಿಗೂ ಹೋಗಿ ರೋಗಿಗಳನ್ನು ನೋಡುವ ಪರಿಪಾಠವನ್ನು ನಾವು ಮೂರು ದಶಕಗಳಿಂದ ಇಟ್ಟುಕೊಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ಕುರುಗೋಡಿನಲ್ಲಿ ಸುಮಾರು ಐವತ್ತು ವಯಸ್ಸಿನ ತಾಯಿಯೊಬ್ಬರು ಬಲಗಾಲಿನ ಹಿಮ್ಮಡಿಯ ನೋವೆಂದು ಬಂದರು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವ ಕಾಯಕ ಅವರದು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ ನಿಂತೇ ಇರುತ್ತಿದ್ದರು. ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದಂತಾಗುತ್ತದೆ, ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಸಂಜೆಗೆ ಮತ್ತೆ ಹೆಚ್ಚುತ್ತದೆ ಎಂದು ಹೇಳಿದರು. ಲಕ್ಷಣಗಳು ಸ್ಪಷ್ಟವಾಗಿದ್ದವು. ತೈಲಾಭ್ಯಂಗ, ಸ್ವೇದನ, ಕಷಾಯ, ಗುಗ್ಗುಲುಯುಕ್ತ ಮಾತ್ರೆ, ಎಲ್ಲವನ್ನೂ ನಾಲ್ಕು ತಿಂಗಳು ಕೊಟ್ಟೆವು. ಅರ್ಧ ಗುಣವಾಗುವುದು, ಮತ್ತೆ ಮರುಕಳಿಸುವುದು, ಹೀಗೆಯೇ ನಡೆಯಿತು. ಪಥ್ಯ ತಪ್ಪಿರಬೇಕೆಂದು ಆ ತಾಯಿಯನ್ನೇ ಒಂದೆರಡು ಬಾರಿ ಗದರಿದ್ದೂ ಉಂಟು.

ಮಳೆಗಾಲದ ಒಂದು ದಿನ ಅವರು ನಮ್ಮ ಚಿಕಿತ್ಸಾಲಯದ ಒದ್ದೆ ಮೆಟ್ಟಿಲ ಮೇಲೆಯೇ ಜಾರಿ ಬಿದ್ದರು. ಎಡಗೈ ಮಣಿಕಟ್ಟಿನ ಎಲುಬು ಮುರಿಯಿತು. ಆಸ್ಪತ್ರೆಗೆ ಕಳುಹಿಸಿ ಬಂದು ನಾವು ಕುಳಿತಿದ್ದಾಗ, ಎದುರಿನ ಬೇವಿನ ಮರದಡಿ ಪಾದರಕ್ಷೆ ರಿಪೇರಿ ಮಾಡುವ ಹಿರಿಯರು ಆ ತಾಯಿಯ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. "ಡಾಕ್ಟ್ರೇ, ಇದರ ಹಿಂಬಡ ನೋಡ್ರಿ. ಈ ಚಪ್ಪಲಿ ಮ್ಯಾಲೆ ನಡದ್ರ ಕಾಲ್ ನೋಯದೆ ಏನಾಗ್ತತ್ರಿ" ಎಂದರು.

ರಬ್ಬರಿನ ಚಪ್ಪಲಿ. ಮುಂಭಾಗದಲ್ಲಿ ಬೆರಳಿನಷ್ಟು ದಪ್ಪ ಉಳಿದಿತ್ತು. ಬಲಗಾಲಿನದರ ಹಿಂಭಾಗದ ಹೊರ ಅಂಚು ಮಾತ್ರ ಹಪ್ಪಳದಷ್ಟು ತೆಳ್ಳಗಾಗಿ, ತಳದ ಗೆರೆಗಳೆಲ್ಲ ಅಳಿಸಿ, ಕನ್ನಡಿಯಂತೆ ನುಣುಪಾಗಿತ್ತು. ನಾಲ್ಕು ತಿಂಗಳಿನಿಂದ ಅದು ನಮ್ಮ ಹೊಸ್ತಿಲಿಂದ ಮೂರು ಮಾರು ದೂರದಲ್ಲೇ ಇತ್ತು. ನಾವು ಒಮ್ಮೆಯೂ ತಿರುವಿ ನೋಡಿರಲಿಲ್ಲ.

ಹಿಮ್ಮಡಿಯ ರಚನೆ

ನಾವು ಕಂಡೂ ಕಾಣದ್ದು ಏನೆಂದು ತಿಳಿಯಬೇಕಾದರೆ ಮೊದಲು ದೇಹದ ಹಿಮ್ಮಡಿಯನ್ನು ಅರಿಯಬೇಕು. ಒಂದು ಪಾದದಲ್ಲಿ 26 ಎಲುಬುಗಳಿವೆ. ಅವುಗಳಲ್ಲಿ ಅತಿ ದೊಡ್ಡದು ಹಿಮ್ಮಡಿಯ ಎಲುಬು. ಅದರ ಕೆಳಗೆ ಸುಮಾರು ಒಂದೂವರೆಯಿಂದ ಎರಡು ಸೆಂಟಿಮೀಟರ್ ದಪ್ಪದ ಕೊಬ್ಬಿನ ಮೆತ್ತೆ ಇದೆ. ಇದು ಹೊಟ್ಟೆಯ ಕೊಬ್ಬಿನಂತೆ ಸಡಿಲವಾದುದಲ್ಲ. ಜೇನುಗೂಡಿನ ಕೋಣೆಗಳಂತೆ ಗಟ್ಟಿ ನಾರಿನ ಗೋಡೆಗಳ ನಡುವೆ ಕೊಬ್ಬನ್ನು ತುಂಬಿ ಕಟ್ಟಿದಂತಿರುತ್ತದೆ. ಹೆಜ್ಜೆ ಊರಿದಾಗ ಒತ್ತಿಕೊಂಡು, ಎತ್ತಿದಾಗ ಮರಳಿ ಉಬ್ಬುತ್ತದೆ. ವಯಸ್ಸಾದಂತೆ ಈ ಮೆತ್ತೆಯ ಪುಟಿಯುವ ಗುಣ ಕುಂದುತ್ತದೆ.

ಹಿಮ್ಮಡಿಯ ಎಲುಬಿಗೆ ಹಿಂದಿನಿಂದ ಮೀನಖಂಡದ ಸ್ನಾಯುಗಳ ದಪ್ಪ ರಜ್ಜು ಬಂದು ಸೇರುತ್ತದೆ. ಅಕಿಲಿಸ್ ರಜ್ಜುವೆಂದು ಹೆಸರಾದ ಇದು ದೇಹದ ಅತ್ಯಂತ ಬಲಿಷ್ಠ ರಜ್ಜು. ಅದೇ ಎಲುಬಿನ ಕೆಳಗಿನಿಂದ ಬೆರಳುಗಳ ಬುಡದವರೆಗೆ ಇನ್ನೊಂದು ಗಟ್ಟಿ ಪಟ್ಟಿ ಬಿಲ್ಲಿನ ಹೆದೆಯಂತೆ ಬಿಗಿದುಕೊಂಡು ಅಂಗಾಲಿನ ಕಮಾನನ್ನು ಹಿಡಿದಿಟ್ಟಿದೆ. ಆಧುನಿಕ ವೈದ್ಯರು ಇದನ್ನು ಪ್ಲಾಂಟರ್ ಫೇಸಿಯಾ ಎನ್ನುತ್ತಾರೆ. ಬೆಳಗಿನ ಮೊದಲ ಹೆಜ್ಜೆಯ ನೋವು ಬಹುಮಟ್ಟಿಗೆ ಈ ಪಟ್ಟಿ ಹಿಮ್ಮಡಿಯ ಎಲುಬಿಗೆ ಅಂಟಿಕೊಂಡ ಸ್ಥಳದ್ದು. ಎಕ್ಸ್‌ರೇ ತೆಗೆಸಿದಾಗ ಅಲ್ಲೊಂದು ಎಲುಬಿನ ಮುಳ್ಳು ಕಂಡಿತೆಂದು ಅನೇಕರು ಭಯಪಡುತ್ತಾರೆ. ನೋವೇ ಇಲ್ಲದವರಲ್ಲಿಯೂ ಅಂಥ ಮುಳ್ಳು ಕಾಣಿಸುವುದುಂಟು. ಆದ್ದರಿಂದ ಮುಳ್ಳು ಕಂಡ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕೆಂದು ತಿಳಿಯಬಾರದು.

ಈ ಭಾಗ ಎಷ್ಟು ದುಡಿಯುತ್ತದೆಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. 60 ಕಿಲೋ ತೂಕದವರು ದಿನಕ್ಕೆ 5,000 ಹೆಜ್ಜೆ ಇಟ್ಟರೆ ಒಂದೊಂದು ಪಾದ 2,500 ಬಾರಿ ನೆಲ ಮುಟ್ಟುತ್ತದೆ. ಪ್ರತಿ ಬಾರಿಯೂ ದೇಹದ ತೂಕದಷ್ಟೇ ಭಾರ ಬಿತ್ತೆಂದು ಹಿಡಿದರೂ, ಒಂದು ಪಾದ ಒಂದು ದಿನದಲ್ಲಿ ಹೊರುವ ಭಾರ ಒಟ್ಟು 150 ಟನ್ ಆಗುತ್ತದೆ. ನಡೆಯುವಾಗ ಆ ಭಾರವನ್ನು ಮೊದಲು ಎದುರುಗೊಳ್ಳುವುದು ಹಿಮ್ಮಡಿ.

ಸುಶ್ರುತಾಚಾರ್ಯರು ವಾತವ್ಯಾಧಿಗಳನ್ನು ವಿವರಿಸುವಲ್ಲಿ ವಾತಕಂಟಕವೆಂಬ ರೋಗವನ್ನು ಹೇಳಿದ್ದಾರೆ. ಪಾದವನ್ನು ವಿಷಮವಾಗಿ ಇಡುವುದರಿಂದ ಪ್ರಕುಪಿತವಾದ ವಾತವು ಹಿಮ್ಮಡಿ-ಹರಡಿನ ಪ್ರದೇಶವನ್ನು ಆಶ್ರಯಿಸಿ ಮುಳ್ಳಿನಂತೆ ನೋಯಿಸುತ್ತದೆಂಬುದು ಅದರ ಸಾರ. ಈ ಮಾತನ್ನು ನಾವು ಓದಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು. ಆದರೆ ವಿಷಮ ಎಂದೊಡನೆ ಕಲ್ಲುಮುಳ್ಳಿನ ದಾರಿ, ಹಳ್ಳದ ದಂಡೆ ಮಾತ್ರ ನಮ್ಮ ಮನಸ್ಸಿಗೆ ಬರುತ್ತಿತ್ತು. ಒಂದು ಪಕ್ಕಕ್ಕೆ ಸವೆದ ಪಾದರಕ್ಷೆಯನ್ನು ಧರಿಸಿದವರು ವಿಷಮ ನೆಲವನ್ನು ತಮ್ಮ ಪಾದಕ್ಕೆ ಕಟ್ಟಿಕೊಂಡೇ ತಿರುಗುತ್ತಾರೆ. ಅವರು ಎಷ್ಟೇ ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಡೆದರೂ ಪ್ರತಿ ಹೆಜ್ಜೆಯೂ ಓರೆಯ ಮೇಲೆಯೇ ಬೀಳುತ್ತದೆ. ಈ ಲೇಖನದ ಮುಖ್ಯ ಮಾತು ಇದೇ.

ಹೀಲ್ ಹೇಗೆ ಬಂತು, ಏನು ಮಾಡುತ್ತದೆ

ಪಾದರಕ್ಷೆ ಧರಿಸುವುದು ಕಣ್ಣಿಗೂ ಪಾದದ ಚರ್ಮಕ್ಕೂ ಹಿತ, ಬಲವನ್ನು ಕೊಡುವಂಥದು, ನಡಿಗೆಗೆ ಸುಖಕರವೆಂದು ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ಹೇಳುತ್ತದೆ. ಸದಾ ಬರಿಗಾಲಿನಲ್ಲಿ ತಿರುಗುವುದು ಆರೋಗ್ಯಕ್ಕೂ ಆಯುಷ್ಯಕ್ಕೂ ಹಾನಿಯೆಂದು ಸುಶ್ರುತಸಂಹಿತೆಯೂ ಎಚ್ಚರಿಸುತ್ತದೆ. ಆದರೆ ಹಿಂಭಾಗವನ್ನು ಮಾತ್ರ ಎತ್ತರಿಸುವ ರೂಢಿ ನಡಿಗೆಗಾಗಿ ಹುಟ್ಟಿದ್ದಲ್ಲ. ಪರ್ಷಿಯಾ ದೇಶದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಜಾರದಂತೆ ನಿಂತು ಬಾಣ ಬಿಡಲು ಎತ್ತರದ ಹೀಲ್ ಧರಿಸುತ್ತಿದ್ದರು. ಅಲ್ಲಿಂದ ಅದು ಯೂರೋಪಿನ ಶ್ರೀಮಂತ ಪುರುಷರಿಗೆ ಹರಡಿತು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ ಕೆಂಪು ಬಣ್ಣದ ಹೀಲ್ ಧರಿಸುತ್ತಿದ್ದನು. ಹೆಂಗಸರ ಅಲಂಕಾರವೆಂದು ನಾವು ಇಂದು ತಿಳಿದಿರುವುದು ಮೊದಲು ಗಂಡಸರ ಸವಾರಿಯ ಸಾಧನವಾಗಿತ್ತು. ಸೂಜಿಯಂಥ ಹೀಲ್ ಬಂದದ್ದು 1950ರ ದಶಕದಲ್ಲಿ, ಒಳಗೆ ಉಕ್ಕಿನ ಕಡ್ಡಿಯನ್ನು ಸೇರಿಸುವ ವಿಧಾನ ತಿಳಿದ ಮೇಲೆ.

ನಮ್ಮಲ್ಲಿ ಪೂಜ್ಯರು ಧರಿಸುವ ಹಾವುಗೆಯನ್ನು ಭಕ್ತರು ಕಂಡಿದ್ದಾರೆ. ಒಂದೇ ಮರದ ತುಂಡಿನಲ್ಲಿ ಕಡೆದ ಆ ಹಾವುಗೆಗೆ ಮುಂದೊಂದು ಹಿಂದೊಂದು ಗಟ್ಟಿಕಾಲು ಇರುತ್ತದೆ. ಪಾದ ನೆಲದಿಂದ ಮೇಲೇಳುತ್ತದೆ. ಆದರೆ ಎರಡೂ ಕಾಲುಗಳ ಎತ್ತರ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಪಾದ ಸಮತಲದಲ್ಲಿಯೇ ಉಳಿಯುತ್ತದೆ. ಎತ್ತರ ಬೇರೆ, ಇಳಿಜಾರು ಬೇರೆ ಎಂಬ ವ್ಯತ್ಯಾಸವನ್ನು ಹಾವುಗೆ ಚೆನ್ನಾಗಿ ತಿಳಿಸಿಕೊಡುತ್ತದೆ. ಪಾದಕ್ಕೆ ತೊಂದರೆ ಕೊಡುವುದು ಮುಖ್ಯವಾಗಿ ಇಳಿಜಾರು.

ಚರ್ಮದ ಪಾದರಕ್ಷೆಯ ಹೀಲನ್ನು ಹಿಂದಿನಿಂದಲೂ ಪದರ ಪದರವಾಗಿ ಕಟ್ಟುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿ ಇದಕ್ಕೆ ಒಳ್ಳೆಯ ಉದಾಹರಣೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ 2019ರಲ್ಲಿ ಈ ಚಪ್ಪಲಿಯ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ತೊಗಲಿನ ಪದರಗಳನ್ನು ಒಂದರ ಮೇಲೊಂದಿಟ್ಟು ತೊಗಲಿನ ದಾರದಿಂದಲೇ ಹೊಲಿಯುವುದು ಇದರ ಸಂಪ್ರದಾಯ. ಪದರದ ರಚನೆಯಲ್ಲಿ ಒಂದು ವಿವೇಕವಿದೆ. ನೆಲ ಮುಟ್ಟುವ ಕಡೆಯ ಪದರ ಸವೆದರೆ ಅದೊಂದನ್ನೇ ಕಿತ್ತು ಹೊಸದನ್ನು ಹಚ್ಚಬಹುದು. ಮೇಲಿನ ಪದರಗಳು ಕೆಡುವುದಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ರಬ್ಬರು, ಪ್ಲಾಸ್ಟಿಕ್ ಚಪ್ಪಲಿಗಳಲ್ಲಿ ಈ ಅನುಕೂಲ ಕಡಿಮೆ. ಅವು ಹರಿಯುವವರೆಗೂ ಜನ ಧರಿಸುತ್ತಾರೆ, ಆದರೆ ಹರಿಯುವುದಕ್ಕಿಂತ ಬಹಳ ಮೊದಲೇ ಅವುಗಳ ಹೀಲ್ ಸವೆದಿರುತ್ತದೆ.

ಒಳ್ಳೆಯ ಹೀಲ್ ಮಾಡಬೇಕಾದ ಕೆಲಸಗಳು ಮೂರು. ಹೆಜ್ಜೆ ಊರಿದಾಗಿನ ಆಘಾತವನ್ನು ತಗ್ಗಿಸುವುದು, ಹಿಮ್ಮಡಿ ಆಚೆ ಈಚೆ ಹೊರಳದಂತೆ ಅಗಲವಾದ ಆಧಾರ ಕೊಡುವುದು, ನೆಲವನ್ನು ಕಚ್ಚಿ ಹಿಡಿದು ಜಾರದಂತೆ ತಡೆಯುವುದು. ಸ್ವಲ್ಪ ಎತ್ತರವಿದ್ದರೆ ಮೀನಖಂಡದ ರಜ್ಜುವಿನ ಎಳೆತವೂ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಓಟದ ಬೂಟುಗಳಲ್ಲಿ ಹಿಂಭಾಗವನ್ನು ಮುಂಭಾಗಕ್ಕಿಂತ ಸಾಮಾನ್ಯವಾಗಿ ಸುಮಾರು 10 ಮಿಲಿಮೀಟರ್ ಎತ್ತರಿಸಿರುತ್ತಾರೆ.

ಎತ್ತರ ಮಿತಿಮೀರಿದಾಗ

ದೊಡ್ಡವರ ಪಾದದಲ್ಲಿ ಹಿಮ್ಮಡಿಯಿಂದ ಬೆರಳುಗಳ ಬುಡದವರೆಗಿನ ಅಂತರ ಸುಮಾರು 17 ಸೆಂಟಿಮೀಟರ್ ಎಂದುಕೊಳ್ಳೋಣ. ಹಿಮ್ಮಡಿಯನ್ನು 2.5 ಸೆಂಟಿಮೀಟರ್ ಎತ್ತರಿಸಿದರೆ ಪಾದ ಸುಮಾರು 8 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. 5 ಸೆಂಟಿಮೀಟರಿಗೆ ಅದು 17 ಡಿಗ್ರಿ, 7.5 ಸೆಂಟಿಮೀಟರಿಗೆ 26 ಡಿಗ್ರಿ. ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರುತ್ತದೆ, ಅಂದರೆ 5 ಡಿಗ್ರಿಗೂ ಕಡಿಮೆ. ಹಾಗಿದ್ದರೆ 26 ಡಿಗ್ರಿಯ ಇಳಿಜಾರಿನಲ್ಲಿ ಇಡೀ ದಿನ ನಿಲ್ಲುವ ಪಾದದ ಪಾಡನ್ನು ಊಹಿಸಬಹುದು. ಹಿಮ್ಮಡಿ ಹೊರಬೇಕಾದ ಭಾರ ಮುಂದಕ್ಕೆ ಸರಿದು ಬೆರಳುಗಳ ಬುಡದ ಮೇಲೆ ಬೀಳುತ್ತದೆ. ಮೊಣಕಾಲು, ಸೊಂಟಗಳು ಸಮತೋಲಕ್ಕಾಗಿ ತಮ್ಮ ನಿಲುವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ವರ್ಷಗಟ್ಟಲೆ ಇದೇ ನಡೆದರೆ ಮೀನಖಂಡದ ಸ್ನಾಯು ಗಿಡ್ಡವಾಗಿ ಬಿಗಿಯುತ್ತದೆ. ಅಂಥವರು ಒಮ್ಮೆಗೇ ಚಪ್ಪಟೆ ಚಪ್ಪಲಿಗೆ ಬದಲಾದರೂ ನೋವು ಬರುತ್ತದೆ. ಎತ್ತರವನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಹೀಲಿನ ಅಗಲವೂ ಅಷ್ಟೇ ಮುಖ್ಯ. 60 ಕಿಲೋ ತೂಕದವರ ಭಾರವೆಲ್ಲ 5 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಹೀಲಿನ ಮೇಲೆ ಬಿದ್ದರೆ ಒಂದು ಚದರ ಸೆಂಟಿಮೀಟರ್ ನೆಲದ ಮೇಲೆ 2.4 ಕಿಲೋ ಬೀಳುತ್ತದೆ. ಒಂದೇ ಚದರ ಸೆಂಟಿಮೀಟರಿನ ಸೂಜಿ ಹೀಲ್ ಆದರೆ 60 ಕಿಲೋವೂ ಅಲ್ಲಿಯೇ. ನಾಲ್ಕು ಸಾವಿರ ಕಿಲೋ ತೂಗುವ ಆನೆ ನಿಂತಾಗ, ಅದರ ಒಂದೊಂದು ಪಾದವನ್ನು ಸಾವಿರ ಚದರ ಸೆಂಟಿಮೀಟರ್ ಎಂದು ಹಿಡಿದರೆ, ನೆಲದ ಮೇಲೆ ಬೀಳುವುದು ಚದರ ಸೆಂಟಿಮೀಟರಿಗೆ ಕೇವಲ 1 ಕಿಲೋ. ನಮ್ಮ ಭಾಗದ ಎರೆನೆಲದಲ್ಲಿ ಸೂಜಿ ಹೀಲ್ ಹೂತುಹೋಗುವುದೂ, ಕಲ್ಲುಹಾಸಿನ ಸಂದಿಯಲ್ಲಿ ಸಿಕ್ಕಿ ಹರಡು ಉಳುಕುವುದೂ ಆಶ್ಚರ್ಯವಲ್ಲ. ಮದುವೆ ಸಮಾರಂಭದಲ್ಲಿ ಒಂದೆರಡು ಗಂಟೆ ಎತ್ತರದ ಚಪ್ಪಲಿ ಧರಿಸಿದ ಹೆಣ್ಣುಮಕ್ಕಳನ್ನು ಹಿರಿಯರು ಗದರಬೇಕಾಗಿಲ್ಲ. ಅದು ನಿತ್ಯದ ರೂಢಿಯಾಗದಿದ್ದರೆ ಸಾಕು. ಬೆಳೆಯುವ ಮಕ್ಕಳಿಗೆ ಮಾತ್ರ ಎತ್ತರದ ಹೀಲ್ ಬೇಡ. ಗರ್ಭಿಣಿಯರೂ ಬಿದ್ದು ಪೆಟ್ಟಾಗುವ ಭಯವಿರುವುದರಿಂದ ಇದನ್ನು ವರ್ಜಿಸುವುದು ಕ್ಷೇಮ.

ಚಪ್ಪಲಿಯನ್ನು ತಿರುವಿ ನೋಡುವ ಕ್ರಮ

ಬೇವಿನ ಮರದಡಿಯ ಹಿರಿಯರಿಂದ ನಾವು ಕಲಿತ ಪರೀಕ್ಷೆಯನ್ನು ಪ್ರತಿ ಮನೆಯಲ್ಲಿಯೂ ಮಾಡಬಹುದು. ಆರು ತಿಂಗಳು ಧರಿಸಿದ ಚಪ್ಪಲಿಗಳನ್ನು ತೊಳೆದು ಸಮನಾದ ಹಲಗೆಯ ಮೇಲಿಡಿ. ಹಲಗೆಯ ಮಟ್ಟಕ್ಕೆ ಕಣ್ಣು ತಂದು ಹಿಂದಿನಿಂದ ನೋಡಿ.

ಎರಡೂ ಚಪ್ಪಲಿಗಳ ಹಿಂಭಾಗದ ಹೊರ ಮೂಲೆ ಒಂದೇ ರೀತಿ ತುಸು ಸವೆದಿದ್ದರೆ ಅದು ಸಹಜ. ಹೆಚ್ಚಿನವರ ಹಿಮ್ಮಡಿ ಆ ಮೂಲೆಯಿಂದಲೇ ನೆಲ ಮುಟ್ಟುತ್ತದೆ. ಸವೆತ ಮೂರು ನಾಲ್ಕು ಮಿಲಿಮೀಟರ್ ಮೀರಿ ಚಪ್ಪಲಿ ಓರೆಯಾಗಿ ನಿಂತರೆ ಹೀಲನ್ನು ಬದಲಿಸುವ ಕಾಲ ಬಂದಿದೆ. ಒಳ ಅಂಚು ಹೆಚ್ಚು ಸವೆದಿದ್ದರೆ ಅಂಗಾಲಿನ ಕಮಾನು ಕುಸಿದಿರಬಹುದು. ಒಂದೇ ಕಾಲಿನದು ಹೆಚ್ಚು ಸವೆದಿದ್ದರೆ ಕಾಲುಗಳ ಉದ್ದದಲ್ಲಿ ವ್ಯತ್ಯಾಸ, ಸೊಂಟ ಅಥವಾ ಮೊಣಕಾಲಿನ ನೋವಿನಿಂದ ಕುಂಟುವ ನಡಿಗೆ ಇದೆಯೇ ಎಂದು ನೋಡಿಸಬೇಕು. ಹೀಲ್ ಹೊಸದಾಗಿದ್ದು ಒಂದು ಕಾಲಿನ ಬೆರಳ ತುದಿ ಮಾತ್ರ ಉಜ್ಜಿಹೋಗಿದ್ದರೆ ಆ ಪಾದವನ್ನು ಎತ್ತುವ ನರ ದುರ್ಬಲವಾಗಿರಬಹುದು. ತಡಮಾಡದೆ ವೈದ್ಯರನ್ನು ಕಾಣಬೇಕು.

ಸವೆತಕ್ಕೂ ನಡಿಗೆಗೂ ಪರಸ್ಪರ ಸಂಬಂಧವಿದೆ. ಓರೆಯಾದ ನಡಿಗೆ ಹೀಲನ್ನು ಓರೆಯಾಗಿ ಸವೆಸುತ್ತದೆ. ಓರೆಯಾದ ಹೀಲ್ ನಡಿಗೆಯನ್ನು ಇನ್ನಷ್ಟು ಓರೆ ಮಾಡುತ್ತದೆ. ಈ ಸುತ್ತನ್ನು ಒಂದೆಡೆ ಕಡಿಯಬೇಕು. ಅತಿ ಸುಲಭವಾಗಿ ಕಡಿಯಬಹುದಾದ ಜಾಗ ಹೀಲ್.

ನಮ್ಮ ನೆಲಕ್ಕೆ ತಕ್ಕ ಎಚ್ಚರ

ಊರೂರಿನ ನೆಲ, ಕಾಯಕಗಳು ಬೇರೆ ಬೇರೆ. ಸಿರುಗುಪ್ಪದ ಸುತ್ತ ತುಂಗಭದ್ರೆಯ ನೀರಿನಲ್ಲಿ ಭತ್ತದ ನಾಟಿ ಮಾಡುವ ತಾಯಂದಿರು ಕೆಸರಿನಲ್ಲಿ ಬರಿಗಾಲಿನಲ್ಲಿಯೇ ಇರಬೇಕು. ಅಲ್ಲಿ ಯಾವ ಹೀಲೂ ನಿಲ್ಲುವುದಿಲ್ಲ. ಆದರೆ ಗಂಟೆಗಟ್ಟಲೆ ನೆನೆದು ಮೆತ್ತಗಾದ ಚರ್ಮ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಆಯುರ್ವೇದ ಇದನ್ನು ಪಾದದಾರಿ ಎನ್ನುತ್ತದೆ. ಬದುವಿಗೆ ಬಂದೊಡನೆ ಕಾಲು ತೊಳೆದು, ಒರೆಸಿ, ಎಳ್ಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಮಾಡಿದ ಲೇಪ ಹಚ್ಚಿ, ಪಾದರಕ್ಷೆ ಧರಿಸಿಯೇ ಮನೆಗೆ ನಡೆಯಬೇಕು. ಬರಿಗಾಲಿನ ಚರ್ಮದ ಮೂಲಕ ಒಳಸೇರುವ ಕೊಕ್ಕೆಹುಳುವಿನಿಂದಲೂ ಇದು ರಕ್ಷಣೆ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ಕತ್ತರಿಸುವವರು, ಇಸ್ತ್ರಿ ಮಾಡುವವರು ದಿನವೆಲ್ಲ ಸಿಮೆಂಟು ನೆಲದ ಮೇಲೆ ನಿಲ್ಲುತ್ತಾರೆ. ಅವರಿಗೆ ಅಗಲ ಹೀಲಿನ, ಹಿಂಪಟ್ಟಿಯಿರುವ ಪಾದರಕ್ಷೆಯೂ ಕಾಲಡಿ ರಬ್ಬರಿನ ಹಾಸೂ ಅಗತ್ಯ. ಅಡುಗೆಮನೆಯಲ್ಲಿ ಪಾದರಕ್ಷೆ ಧರಿಸದವರು ಒಲೆಯ ಮುಂದೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ನಿಂತರೂ ಹಿಮ್ಮಡಿಗೆ ಬಹಳ ಹಿತವಾಗುತ್ತದೆ. ಹಾಸು ಜಾರದಂತೆ ನೋಡಿಕೊಳ್ಳಬೇಕು.

ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಗೆ ಬರಿಗಾಲಿನಲ್ಲಿ ನಡೆದು ಬರುವ ಭಕ್ತರಿಗೆ ಒಂದು ವಿಶೇಷ ಸೂಚನೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ಮೀರುತ್ತದೆ. ಕಲ್ಲುಹಾಸು, ಡಾಂಬರು ಅದಕ್ಕಿಂತಲೂ ಬಹಳ ಹೆಚ್ಚು ಕಾದಿರುತ್ತವೆ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಆ ಸುಡುವಿಕೆ ತಿಳಿಯುವುದಿಲ್ಲ. ದರ್ಶನ ಮುಗಿಸಿ ಮನೆಗೆ ಬಂದು ನೋಡಿದಾಗ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ. ಅದೇ ವ್ರಣವಾಗಿ ಕಾಲನ್ನೇ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಅಂಥವರು ಬೆಳಗಿನ ಅಥವಾ ಸಂಜೆಯ ಹೊತ್ತು ದರ್ಶನ ಮಾಡಲಿ, ಗುಡಿಯ ಬಾಗಿಲವರೆಗೂ ಪಾದರಕ್ಷೆ ಧರಿಸಲಿ, ಒಳಗೆ ದಪ್ಪ ಕಾಲುಚೀಲ ಇರಲಿ, ಮರಳಿದೊಡನೆ ಅಂಗಾಲನ್ನು ಮನೆಯವರಿಂದ ನೋಡಿಸಿಕೊಳ್ಳಲಿ. ಇದರಿಂದ ಭಕ್ತಿಗೆ ಕೊರತೆಯಾಗುವುದಿಲ್ಲ.

ಕೊಳ್ಳುವಾಗ ಗಮನಿಸಬೇಕಾದವು

1. ಸಂಜೆಯ ಹೊತ್ತು ಕೊಳ್ಳಿರಿ. ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಎರಡೂ ಕಾಲಿಗೆ ಹಾಕಿ ನಡೆದು ನೋಡಿ.
2. ನಿತ್ಯದ ಬಳಕೆಗೆ ಹೀಲ್ ಒಂದೂವರೆಯಿಂದ ಮೂರು ಸೆಂಟಿಮೀಟರ್ ಇರಲಿ. ಅದರ ಅಗಲ ನಿಮ್ಮ ಹಿಮ್ಮಡಿಯ ಅಗಲಕ್ಕಿಂತ ಕಡಿಮೆಯಾಗದಿರಲಿ.
3. ಹೆಬ್ಬೆರಳಿನಿಂದ ಒತ್ತಿದರೆ ಹೀಲ್ ತುಸು ಒಳಹೋಗಿ ಮರಳಬೇಕು. ಕಲ್ಲಿನಂತೆಯೂ ಇರಬಾರದು, ಹತ್ತಿಯಂತೆ ಕುಸಿಯಲೂಬಾರದು.
4. ತಳದಲ್ಲಿ ಆಳವಾದ ಗೆರೆಗಳಿರುವ ರಬ್ಬರು ಇರಲಿ. ಗೆರೆ ಅಳಿಸಿದ ಚಪ್ಪಲಿಯನ್ನು ಬಚ್ಚಲು, ಮಳೆಯ ಮೆಟ್ಟಿಲುಗಳಲ್ಲಿ ಬಳಸಬೇಡಿ.
5. ಬಾಗಿಸಿದರೆ ಬೆರಳುಗಳ ಬುಡದಲ್ಲಿ ಮಾತ್ರ ಬಾಗಬೇಕು, ನಡುವೆ ಮಡಚಬಾರದು.
6. ಅರವತ್ತು ದಾಟಿದವರಿಗೆ, ಮಧುಮೇಹಿಗಳಿಗೆ ಹಿಂಪಟ್ಟಿಯಿರುವ ಪಾದರಕ್ಷೆಯೇ ಸೂಕ್ತ.
7. ಹಿಮ್ಮಡಿಗೆ ಮೆತ್ತೆ ಹಾಕುವುದಾದರೆ ಎರಡೂ ಕಾಲಿಗೆ ಸಮನಾಗಿ ಹಾಕಿ.

ನೋವು ಬಂದಾಗ

ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲಿ ಕುಳಿತೇ ಕಾಲ್ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು 10 ಸೆಕೆಂಡು ಹಿಡಿಯಿರಿ. ಹೀಗೆ 10 ಬಾರಿ. ಆಮೇಲೆ ಗೋಡೆಗೆ ಕೈಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ 30 ಸೆಕೆಂಡು ನಿಲ್ಲಿರಿ. ಇದು ಮೂರು ಬಾರಿ. ರಾತ್ರಿ ಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲು ಮತ್ತು ಮೀನಖಂಡವನ್ನು ಹತ್ತು ನಿಮಿಷ ತಿಕ್ಕಿರಿ. ಪಾದಾಭ್ಯಂಗವು ಪಾದದ ಒರಟುತನ, ಬಿಗಿತ, ಜೋಮು, ಆಯಾಸಗಳನ್ನು ಕಳೆಯುತ್ತದೆಂದು ಚರಕಾಚಾರ್ಯರ ಮಾತು. ಆದರೆ ಎದ್ದು ನಡೆಯುವ ಮೊದಲು ಎಣ್ಣೆಯನ್ನು ಚೆನ್ನಾಗಿ ಒರೆಸಿಕೊಳ್ಳದಿದ್ದರೆ ಜಾರುವಿರಿ. ಮಧುಮೇಹಿಗಳು ಬಿಸಿನೀರಿನಲ್ಲಿ ಕಾಲಿಡುವ ಮೊದಲು ಮನೆಯ ಬೇರೊಬ್ಬರಿಂದ ಕೈಯಿಟ್ಟು ನೋಡಿಸಬೇಕು. ತಾಳ್ಮೆ ಬೇಕು. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಒಂದು ವರ್ಷದೊಳಗೆ ಗುಣವಾಗುತ್ತದೆ.

ಹಿಮ್ಮಡಿ ಕೆಂಪಾಗಿ ಊದಿ ಜ್ವರ ಬಂದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ, ಜೋಮು ಹೆಚ್ಚಿದರೆ, ಬಿದ್ದ ಮೇಲೆ ನೋವು ಶುರುವಾದರೆ, ಹಿಮ್ಮಡಿಯ ಹಿಂದೆ ಪಟ್ಟೆಂದು ಹರಿದಂತಾಗಿ ಬೆರಳ ಮೇಲೆ ನಿಲ್ಲಲಾಗದಿದ್ದರೆ, ಮಧುಮೇಹಿಗಳಿಗೆ ಎಷ್ಟೇ ಸಣ್ಣ ಗಾಯವಾದರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಮಾತು

ರೊಟ್ಟಿಯ ಕಾಯಕದ ಆ ತಾಯಿಯ ಮಣಿಕಟ್ಟು ಕೂಡಿಕೊಂಡಿತು. ಆದರೆ ಎರಡು ತಿಂಗಳು ರೊಟ್ಟಿ ತಟ್ಟಲಾಗದೆ ಅವರ ಮನೆ ಕಷ್ಟಕ್ಕೊಳಗಾಯಿತು. ಆ ನಷ್ಟದಲ್ಲಿ ನಮ್ಮ ಪಾಲೂ ಇದೆ. ಬೇವಿನ ಮರದಡಿಯ ಹಿರಿಯರು ಅವರಿಗೆ ಎರಡು ಸೆಂಟಿಮೀಟರ್ ಎತ್ತರದ ಅಗಲ ಹೀಲಿನ ಚಪ್ಪಲಿಯನ್ನು ಹೊಂದಿಸಿಕೊಟ್ಟರು. ಒಲೆಯ ಮುಂದೆ ಗೋಣಿಯ ಹಾಸು ಬಂತು. ಔಷಧ ಮೊದಲಿನದೇ. ಐದಾರು ತಿಂಗಳಲ್ಲಿ ಹಿಮ್ಮಡಿಯ ನೋವು ಹೋಯಿತು, ಮರಳಿ ಬರಲಿಲ್ಲ.

ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ಶರಣ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆಯನ್ನು ಮಾಡಿ ತಂದರೆಂದೂ, ಬಸವಣ್ಣನವರು ಅದನ್ನು ಪಾದಕ್ಕೆ ಧರಿಸದೆ ತಲೆಯ ಮೇಲಿಟ್ಟುಕೊಂಡರೆಂದೂ ಶರಣಪರಂಪರೆ ಸಾರುತ್ತದೆ. ಆ ಕಥೆಯನ್ನು ಬಾಲ್ಯದಿಂದ ಕೇಳಿದ ನಾವು, ಎದುರಿಗೇ ಕುಳಿತು ಅದೇ ಕಾಯಕ ಮಾಡುತ್ತಿದ್ದವರನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಒಂದು ಮಾತೂ ಕೇಳಿರಲಿಲ್ಲ. ಅವರು ಪಾದಗಳ ವಿಷಯದಲ್ಲಿ ನಮಗಿಂತ ಹೆಚ್ಚು ತಿಳಿದವರಾಗಿದ್ದರು. ಈಗ ನಮ್ಮ ಮೂರೂ ಕಡೆಯ ಚಿಕಿತ್ಸಾಲಯಗಳ ಬಾಗಿಲಲ್ಲಿ ಒಂದು ಹಲಗೆ ಇದೆ. ಕಾಲು, ಮೊಣಕಾಲು, ಸೊಂಟದ ನೋವಿನವರು ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ಬರಬೇಕೆಂದು ಅದರಲ್ಲಿ ಬರೆಸಿದ್ದೇವೆ. ಮೊದಲು ಸಂಕೋಚಪಡುತ್ತಾರೆ, ಆಮೇಲೆ ತರುತ್ತಾರೆ.

ಭಕ್ತರು ಇಂದು ಸಂಜೆಯೇ ಮನೆಯ ಹಿರಿಯರ ಚಪ್ಪಲಿಗಳನ್ನು ಒಮ್ಮೆ ತಿರುವಿ ನೋಡಲಿ. ಹೀಲ್ ಸವೆದಿದ್ದರೆ ನಾಳೆಯೇ ರಿಪೇರಿಗೆ ಒಯ್ಯಲಿ. ಸಣ್ಣ ಖರ್ಚಿನ ಈ ಕೆಲಸದಿಂದ ಒಂದು ಮುರಿದ ಸೊಂಟ ತಪ್ಪಬಹುದು. ರಿಪೇರಿ ಮಾಡುವವರ ಎದುರು ಎರಡು ನಿಮಿಷ ಕುಳಿತು, ಇದು ಹೀಗೇಕೆ ಸವೆದಿದೆಯೆಂದು ಅವರನ್ನೇ ಕೇಳಲಿ.